ಕಡಲಿಗೆ ಬಾಗಿಲು ಇಟ್ಟ ಊರು

ಬಂದರು ಎಂಬ ಮಾತು ನಮಗೆ ಪಾರಸಿಯಿಂದ ಬಂದದ್ದು. ಆದರೆ ಬಂದರಿನ ಪ್ರಾಣ ಎಲ್ಲಿದೆಯೋ ಆ ಎಡೆಯನ್ನು ಹೆಸರಿಸುವ ಮಾತು ನಮ್ಮದೇ: ಅಳಿವೆ. ಹೊಳೆ ಕಡಲನ್ನು ಕೂಡುವ ಬಾಯಿ ಅದು. ಅದರ ಸ್ವಭಾವವನ್ನು ಕರಾವಳಿಯ ಬೆಸ್ತನಿಗಾಗಲಿ, ಗಜನಿ ಗದ್ದೆಯ ಬೇಸಾಯಗಾರನಿಗಾಗಲಿ ಪುಸ್ತಕ ತೆರೆದು ಹೇಳಿಕೊಡಬೇಕಾಗಿಲ್ಲ. ಬಾಯಿಗೆ ಹೂಳು ತುಂಬಿತೋ, ದೋಣಿ ಒಳಗೇ ಉಳಿಯಿತು. ಬಾಯಿ ಹಿಗ್ಗಿತೋ, ಉಪ್ಪುನೀರು ಗದ್ದೆಗೆ ಬಂತು. ಬಂದರಿಗೆ ಬೇಕಾದದ್ದೂ ಊರಿಗೆ ಬೇಡವಾದದ್ದೂ ಒಂದೇ ದಾರಿಯಿಂದ ಒಳಗೆ ಬರುತ್ತವೆ. ಕಡಲು ಏರುತ್ತಿರುವ ಈ ಕಾಲದಲ್ಲಿ ಲೋಕದ ಬಂದರುಗಳ ಮುಂದಿರುವ ಪ್ರಶ್ನೆಯ ತಿರುಳು ಇದೇ ಎಂದು ನನಗೆ ತೋರುತ್ತದೆ. ಈ ಪ್ರಶ್ನೆಯೊಡನೆ ಏಳು ನೂರು ವರ್ಷಗಳಿಂದ ಹೆಣಗುತ್ತ ಬಂದಿರುವ ಒಂದು ಊರಿನ ಚರಿತ್ರೆಯನ್ನು ಈ ಹದಿನೈದು ನಿಮಿಷಗಳಲ್ಲಿ ಹೇಳಬೇಕೆಂದಿದ್ದೇನೆ. ಆ ಊರು ಹಾಲೆಂಡಿನ ರಾಟರ್‌ಡ್ಯಾಮ್.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ದೂರದ ಬಂದರಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ತರಗತಿಯಲ್ಲಿ ಶಾಸನಗಳನ್ನು ಓದಿಸುತ್ತಿದ್ದ ಕಾಲದಿಂದಲೂ ಅರಸರ ಬಿರುದಾವಳಿ ಮುಗಿದ ಮೇಲೆ ಬರುವ ಸಾಲುಗಳಲ್ಲಿ ನನಗೆ ಹೆಚ್ಚಿನ ಆಸಕ್ತಿ. ಕೆರೆಯನ್ನು ಕಟ್ಟಿಸಿದವನಿಗೆ ಬಿತ್ತುವಟ್ಟದ ಭೂಮಿ, ಏರಿಯನ್ನು ನೋಡಿಕೊಳ್ಳುವವನಿಗೆ ಮಾನ್ಯ, ತೂಬಿನ ದುರಸ್ತಿಗೆ ಇಂತಿಷ್ಟು ಎಂಬ ಸಾಲುಗಳು ಅವು. ಕೆರೆಯನ್ನು ಕಟ್ಟಿದ ಕೈ ಅದನ್ನು ಎಂದೆಂದಿಗೂ ಕಾಯಲಾರದೆಂದು ಬಲ್ಲವರು ಕಲ್ಲಿನಲ್ಲಿ ಬರೆಯಿಸಿದ ಮಾತುಗಳು. ರಾಟರ್‌ಡ್ಯಾಮಿನ ಚರಿತ್ರೆಯನ್ನು ಓದುವಾಗ ನನಗೆ ಅದೇ ಪರಿಚಿತ ದನಿ ಕೇಳಿಸಿತು. 1270ರ ಸುಮಾರಿಗೆ ರೊಟ್ಟೆ ಎಂಬ ಸಣ್ಣ ಹೊಳೆಗೆ ಒಂದು ಅಡ್ಡಗಟ್ಟೆಯನ್ನು ಹಾಕಿದರು. ಊರಿನ ಹೆಸರೇ 'ರೊಟ್ಟೆಯ ಕಟ್ಟೆ'. ಅದೇ ಕಾಲಕ್ಕೆ, 1273ರ ಹೊತ್ತಿಗೆ, ಸುತ್ತಲಿನ ಒಡ್ಡುಗಳನ್ನು ಕಾಯಲು ಸ್ಖೀಲಾಂಡ್ ಎಂಬ ನೀರಿನ ಸಭೆ ಕಾಣಿಸಿಕೊಂಡಿತು. ಒಡ್ಡಿನ ಬಳಿ ಜಮೀನುಳ್ಳವರು ಒಡ್ಡಿನ ದುರಸ್ತಿಗೆ ಹೊಣೆ. ಇಂಥ ಸಭೆಗಳು ಹಾಲೆಂಡಿನಲ್ಲಿ ಇಂದಿಗೂ ಇವೆ. ಜನ ಅವಕ್ಕೆ ಚುನಾವಣೆ ನಡೆಸುತ್ತಾರೆ, ಕಂದಾಯ ಕೊಡುತ್ತಾರೆ. ನಮ್ಮ ಕೆರೆಗಳನ್ನು ಕಾಯಬೇಕಾಗಿದ್ದ ಸಭೆಗಳು ಏನಾದವು ಎಂಬುದು ಬೇರೊಂದು ಭಾಷಣದ ವಿಷಯ.

ಊರು ಬೆಳೆಯಿತು. ಹದಿನೈದನೆಯ ಶತಮಾನದಲ್ಲಿ ಯೂರೋಪಿನ ಮಹಾ ವಿದ್ವಾಂಸ ಎರಾಸ್ಮಸ್ ಇಲ್ಲಿ ಹುಟ್ಟಿದ. 1602ರಲ್ಲಿ ಡಚ್ಚರ ಪೂರ್ವ ಇಂಡಿಯಾ ಕಂಪನಿ ಸ್ಥಾಪನೆಯಾದಾಗ ಅದರ ಆರು ಶಾಖೆಗಳಲ್ಲಿ ಒಂದು ರಾಟರ್‌ಡ್ಯಾಮಿನಲ್ಲಿತ್ತು. ಮುಂದೆ ಕೆಳದಿಯ ನಾಯಕರ ಕಾಲದಲ್ಲಿ ನಮ್ಮ ಬಸರೂರಿನಿಂದ ಅಕ್ಕಿಯನ್ನು ಕೊಂಡೊಯ್ದ ಡಚ್ಚರು ಈ ಕಂಪನಿಯವರೇ. ಬಸರೂರು ಇಂದು ಬಂದರಲ್ಲ. ರಾಟರ್‌ಡ್ಯಾಮ್ ಯೂರೋಪಿನ ಅತಿ ದೊಡ್ಡ ಬಂದರು. ಎರಡೂ ಕಡಲಿನಿಂದ ಒಳಗೆ, ಹೊಳೆಯ ದಡದಲ್ಲಿ ಹುಟ್ಟಿದ ಊರುಗಳು. ಒಂದಕ್ಕೆ ಕಡಲಿನ ದಾರಿ ಮುಚ್ಚಿಹೋದದ್ದೂ ಇನ್ನೊಂದಕ್ಕೆ ಉಳಿದದ್ದೂ ತಾನಾಗಿ ಆದ ಸಂಗತಿಯಲ್ಲ.

ಹತ್ತೊಂಬತ್ತನೆಯ ಶತಮಾನದ ಮಧ್ಯಕ್ಕೆ ರಾಟರ್‌ಡ್ಯಾಮಿನ ದಾರಿಯೂ ಮುಚ್ಚುತ್ತಿತ್ತು. ಮಾಸ್ ನದಿಯ ಹಳೆಯ ಅಳಿವೆಯಲ್ಲಿ ಹೂಳು ತುಂಬಿ, ಹಡಗುಗಳು ದ್ವೀಪಗಳ ನಡುವೆ ಬಳಸಿಕೊಂಡು ಬರಬೇಕಾಗಿತ್ತು. ಪೀಟರ್ ಕಾಲಾಂಡ್ ಎಂಬ ಇಂಜಿನಿಯರು ಒಂದು ಧೈರ್ಯದ ಸಲಹೆಯನ್ನು ಮುಂದಿಟ್ಟ. ಹೂಕ್ ವಾನ್ ಹೊಲಾಂಡ್ ಎಂಬಲ್ಲಿ ಕಡಲದಂಡೆಯ ಮರಳುದಿಬ್ಬವನ್ನೇ ಕಡಿದು ನದಿಗೆ ಹೊಸ ಬಾಯಿಯನ್ನು ತೆರೆಯುವುದು. ತೂಬಿಲ್ಲ, ಕದವಿಲ್ಲ, ನೇರ ಕಡಲಿಗೆ. 1863ರಲ್ಲಿ ಶಾಸನಸಭೆ ಒಪ್ಪಿತು, 1866ರಲ್ಲಿ ಅಗೆತ ಮೊದಲಾಯಿತು, 1872ರಲ್ಲಿ ಮೊದಲ ಹಡಗು ಹಾದುಹೋಯಿತು. ಕಾಲಾಂಡನ ಎಣಿಕೆ ಹೀಗಿತ್ತು: ಮನುಷ್ಯ ಕಿರಿದಾದ ಕಾಲುವೆಯನ್ನು ತೋಡಿಕೊಟ್ಟರೆ ಸಾಕು, ಮಿಕ್ಕ ಕೆಲಸವನ್ನು ಹೊಳೆಯ ಸೆಳೆತವೂ ಭರತ ಇಳಿತಗಳೂ ತಾವೇ ಮಾಡಿ ಅದನ್ನು ಅಗಲಗೊಳಿಸುತ್ತವೆ. ನೀರು ಅವನ ಮಾತನ್ನು ಅರ್ಧ ಮಾತ್ರ ಕೇಳಿತು. ದಡವನ್ನು ಕೊರೆಯಿತು, ಕೊರೆದ ಮರಳನ್ನು ಬಾಯಲ್ಲಿಯೇ ತಂದು ಗುಡ್ಡೆ ಹಾಕಿತು. ಹತ್ತಾರು ವರ್ಷಗಳ ಚರ್ಚೆ, ನಿಂದೆಗಳ ನಂತರ ಉಗಿಯಂತ್ರದ ಹೂಳೆತ್ತುವ ಹಡಗುಗಳು ಬಂದು ದಾರಿಯನ್ನು ಹಸನುಮಾಡಿದವು. ಅಂದಿನಿಂದ ಇಂದಿನವರೆಗೆ ಹೂಳೆತ್ತುವ ಕೆಲಸ ನಿಂತಿಲ್ಲ. ಆದರೆ ಬಾಯಿ ತೆರೆಯಿತು. ಕದವಿಲ್ಲದ ಆ ಬಾಯಿಯೇ ಊರಿನ ಭಾಗ್ಯವಾಯಿತು. ರೈನ್ ನದಿಯ ಮೂಲಕ ಜರ್ಮನಿಯ ಕಾರ್ಖಾನೆಗಳಿಗೆ ಅದಿರು ಹೋಯಿತು, ಕಲ್ಲಿದ್ದಲು ಹೋಯಿತು, ಆಮೇಲೆ ಎಣ್ಣೆ ಹೋಯಿತು. 1962ರಲ್ಲಿ ರಾಟರ್‌ಡ್ಯಾಮ್ ನ್ಯೂಯಾರ್ಕನ್ನು ಹಿಂದೆ ಹಾಕಿ ಲೋಕದ ಮೊದಲನೆಯ ಬಂದರಾಯಿತು. ಏಷ್ಯದ ಬಂದರುಗಳು ಮೇಲೆದ್ದ ಈ ಶತಮಾನದ ಆರಂಭದವರೆಗೆ ಆ ಪಟ್ಟ ಅದರದ್ದೇ.

ಆ ಬಾಯಿಯ ಮೂಲಕ ಹಡಗು ಮಾತ್ರ ಬರುವುದಿಲ್ಲ ಎಂಬುದು 1953ರಲ್ಲಿ ಮನವರಿಕೆಯಾಯಿತು. ಜನವರಿ 31ರ ಶನಿವಾರ ರಾತ್ರಿ ಉತ್ತರ ಸಮುದ್ರದಲ್ಲಿ ವಾಯವ್ಯದ ಬಿರುಗಾಳಿ ಎದ್ದಿತು. ಅದೇ ಹೊತ್ತಿಗೆ ದೊಡ್ಡ ಭರತವೂ ಕೂಡಿತು. ಬೆಳಗಾಗುವಷ್ಟರಲ್ಲಿ ನೈಋತ್ಯ ಹಾಲೆಂಡಿನ ಒಡ್ಡುಗಳು ಎಷ್ಟೋ ಕಡೆ ಹರಿದಿದ್ದವು. ಸತ್ತವರು 1836 ಮಂದಿ. ಆಕಾಶವಾಣಿಯಲ್ಲಿ ಮಾತನಾಡುತ್ತಿರುವಾಗ ಒಂದು ವಿವರವನ್ನು ಹೇಳದೆ ಇರಲಾರೆ. ಆ ಕಾಲದಲ್ಲಿ ಹಾಲೆಂಡಿನ ರೇಡಿಯೋ ನಡುರಾತ್ರಿಗೆ ಪ್ರಸಾರವನ್ನು ಮುಗಿಸುತ್ತಿತ್ತು. ಹವಾಮಾನ ಇಲಾಖೆಗೆ ಅಪಾಯ ಗೊತ್ತಿತ್ತು. ಅದನ್ನು ಮಲಗಿದ್ದ ಹಳ್ಳಿಗಳಿಗೆ ಹೇಳುವ ದನಿ ಇರಲಿಲ್ಲ.

ಆ ರಾತ್ರಿಯ ಒಂದು ಘಟನೆ ಯಾವ ಕಾದಂಬರಿಕಾರನ ಕಲ್ಪನೆಗೂ ಕಡಮೆಯಲ್ಲ. ರಾಟರ್‌ಡ್ಯಾಮಿನ ಪೂರ್ವಕ್ಕೆ ಹೊಲಾಂಡ್ಸೆ ಐಸೆಲ್ ಎಂಬ ಹೊಳೆ ಇದೆ. ಅದರ ದಡದ ನೀವರ್ಕೆರ್ಕ್ ಗ್ರಾಮದ ಆಸುಪಾಸಿನ ನೆಲ ಇಡೀ ದೇಶದಲ್ಲಿಯೇ ಅತಿ ತಗ್ಗು. ಕಡಲ ಮಟ್ಟಕ್ಕಿಂತ ಆರೂವರೆ ಮೀಟರಿಗೂ ಕೆಳಗೆ. ಕೊಳೆತ ಸೊಪ್ಪುಸದೆಯಿಂದಾದ ಜೌಗು ನೆಲ ಅದು. ಶತಮಾನಗಳ ಕಾಲ ಅದನ್ನು ಉರುವಲಿಗಾಗಿ ಕಡಿದು, ನೀರನ್ನು ಹೊರಹಾಕಿ, ಒಣಗಿಸಿ, ಮನುಷ್ಯರೇ ತಗ್ಗಾಗಿಸಿದ್ದು. ಅಲ್ಲಿಯ ಒಡ್ಡು ಬೆಳಗಿನ ಜಾವ ಒಡೆಯಿತು. ಅದು ಪೂರ್ತಿ ಕುಸಿದಿದ್ದರೆ ಅದರ ಹಿಂದಿನ ತಗ್ಗು ನೆಲದ ಲಕ್ಷಾಂತರ ಜನ ನೀರಿನ ಪಾಲಾಗುತ್ತಿದ್ದರು. ಗ್ರಾಮದ ಅಧ್ಯಕ್ಷ ಹತ್ತಿರದಲ್ಲಿದ್ದ 'ಇಬ್ಬರು ಸೋದರರು' ಎಂಬ ಸರಕುದೋಣಿಯನ್ನು ವಶಕ್ಕೆ ತೆಗೆದುಕೊಂಡು, ಅದನ್ನು ಒಡಕಿಗೆ ಅಡ್ಡ ಹಾಕುವಂತೆ ಅದರ ನಾವಿಕ ಆರಿ ಎವೆಗ್ರೂನನಿಗೆ ಹೇಳಿದ. ಸೆಳೆತಕ್ಕೆ ಸಿಕ್ಕಿ ದೋಣಿಯೇ ಒಡಕಿನೊಳಗೆ ನುಗ್ಗಿಹೋಗುವ ಸಂಭವವಿತ್ತು. ಎವೆಗ್ರೂನ್ ದೋಣಿಯನ್ನು ತಿರುಗಿಸಿದ. ನೀರೇ ಅದನ್ನು ಒತ್ತಿ ಒಡ್ಡಿಗೆ ಕದದಂತೆ ಮುಚ್ಚಿಬಿಟ್ಟಿತು. ಇಂದು ಅಲ್ಲಿ ಆ ದೋಣಿಯ ನೆನಪಿಗೆ ಒಂದು ಸ್ಮಾರಕವಿದೆ.

ಈ ಅಕಸ್ಮಾತ್ತಿನ ಕದಕ್ಕೂ ಮುಂದೆ ಯೋಚಿಸಿ ಮಾಡಿದ ಕದಕ್ಕೂ ನಾಲ್ಕು ದಶಕಗಳ ಅಂತರ. ಪ್ರವಾಹದ ಕೆಲವೇ ದಿನಗಳಲ್ಲಿ ಸರ್ಕಾರ ಡೆಲ್ಟಾ ಆಯೋಗವನ್ನು ನೇಮಿಸಿತು, 1958ರಲ್ಲಿ ಕಾನೂನಾಯಿತು. ಜೌಗುನಾಡಿನ ಅಳಿವೆಗಳನ್ನು ಒಂದೊಂದಾಗಿ ಕಟ್ಟುವುದು ಯೋಜನೆ. ಆದರೆ ಎರಡು ಬಾಯಿಗಳನ್ನು ಮುಚ್ಚಲಿಲ್ಲ. ಒಂದು ಬೆಲ್ಜಿಯಮಿನ ಆಂಟ್‌ವರ್ಪ್ ಬಂದರಿಗೆ ಹೋಗುವ ದಾರಿ. ಇನ್ನೊಂದು ಕಾಲಾಂಡ್ ತೋಡಿದ ರಾಟರ್‌ಡ್ಯಾಮಿನ ದಾರಿ. ಅಲ್ಲಿ ಕಡಲನ್ನು ತಡೆಯುವ ಬದಲು ಒಳಗಿನ ಒಡ್ಡುಗಳನ್ನೇ ಎತ್ತರಿಸುವುದೆಂದು ತೀರ್ಮಾನವಾಯಿತು. ಕೇಳಲು ಸುಲಭ. ಒಡ್ಡು ಒಂದು ಮೀಟರು ಏರಬೇಕಾದರೆ ಅದರ ಬುಡ ಎಷ್ಟೋ ಮೀಟರು ಹಿಗ್ಗಬೇಕು. ಆ ಬುಡದ ಮೇಲೆ ಹಳೆಯ ಪೇಟೆಗಳು, ಮನೆಗಳು, ಚರ್ಚುಗಳು ಶತಮಾನಗಳಿಂದ ಕುಳಿತಿದ್ದವು. ಊರನ್ನು ಉಳಿಸಲು ಊರನ್ನೇ ಕೆಡವಬೇಕಾದ ಸ್ಥಿತಿ. ಜನ ಒಪ್ಪಲಿಲ್ಲ. ಆಗ ತೆರೆದ ಬಾಯಿಗೆ ಒಂದು ಕದ ಬೇಕೆಂಬ ವಿಚಾರ ಬಲಗೊಂಡು 1987ರಲ್ಲಿ ಅದರ ವಿನ್ಯಾಸಕ್ಕಾಗಿ ಸ್ಪರ್ಧೆ ನಡೆಯಿತು. 1991ರಿಂದ 1997ರವರೆಗೆ ಕಟ್ಟುವ ಕೆಲಸ. ಅದರ ಹೆಸರು ಮಾಸ್ಲಾಂಟ್ ತಡೆ.

ಕೆಲವು ವರ್ಷಗಳ ಹಿಂದೆ ಮಗಳ ಮನೆಗೆ ಹೋಗಿದ್ದಾಗ ನಾನು ಇದನ್ನು ನೋಡಿದೆ. ದಡದಲ್ಲಿ ಎರಡು ಬಿಳಿಯ ಉಕ್ಕಿನ ಪಂಜರಗಳು ಮಲಗಿದ್ದವು. ಒಂದೊಂದು ಕದವೂ 210 ಮೀಟರು ಉದ್ದ, 22 ಮೀಟರು ಎತ್ತರ. ನಡುವೆ 360 ಮೀಟರು ಅಗಲದ ನೀರು, ಅದರ ಮೇಲೆ ಎಡೆಬಿಡದೆ ಹಡಗುಗಳು. ಕದಗಳ ಒಳಗು ಟೊಳ್ಳು. ಬಿರುಗಾಳಿ ಬರುವಾಗ ಅವು ತೇಲಿಕೊಂಡು ನಡುನೀರಿಗೆ ಬರುತ್ತವೆ, ಹೊಟ್ಟೆಯಲ್ಲಿ ನೀರು ತುಂಬಿಸಿಕೊಂಡು ತಳಕ್ಕೆ ಇಳಿದು ಕೂರುತ್ತವೆ. ಗಾಳಿ ಇಳಿದ ಮೇಲೆ ನೀರನ್ನು ಹೊರಹಾಕಿ ಮತ್ತೆ ತೇಲಿ ತಮ್ಮ ಗೂಡಿಗೆ ಮರಳುತ್ತವೆ. ಮುಚ್ಚುವ ತೀರ್ಮಾನ ಮನುಷ್ಯನದಲ್ಲ, ಕಂಪ್ಯೂಟರಿನದು. ರಾಟರ್‌ಡ್ಯಾಮಿನಲ್ಲಿ ನೀರು ಅಳತೆಗೆರೆಯಿಂದ ಮೂರು ಮೀಟರು ಮೇಲೇರುವ ಮುನ್ಸೂಚನೆ ಬಂದರೆ ಅದು ತಾನೇ ಕೆಲಸಕ್ಕೆ ತೊಡಗುತ್ತದೆ. ಬಂದರನ್ನು ನಿಲ್ಲಿಸುವುದೆಂದರೆ ಕೋಟಿಗಟ್ಟಲೆ ನಷ್ಟ. ಅಂಥ ತೀರ್ಮಾನವನ್ನು ನಡುರಾತ್ರಿ ಒಬ್ಬ ಅಧಿಕಾರಿಯ ತಲೆಯ ಮೇಲೆ ಹೊರಿಸಬಾರದೆಂಬುದು ಅವರ ಆಲೋಚನೆ ಇರಬೇಕು. ನನಗಂತೂ ಅದು ವಿವೇಕವೆಂದೇ ಕಂಡಿತು.

ಆ ಅಳತೆಗೆರೆಗೂ ಒಂದು ಕಥೆ ಉಂಟು. 1675ರ ಪ್ರವಾಹದ ನಂತರ ಆಮ್‌ಸ್ಟರ್‌ಡ್ಯಾಮಿನ ನಗರಾಧ್ಯಕ್ಷ, ಗಣಿತಜ್ಞ ಯೋಹಾನೆಸ್ ಹುಡೆ, ಊರಿನ ತೂಬುಗಳಲ್ಲಿ ಗೀಟು ಕೊರೆದ ಅಮೃತಶಿಲೆಗಳನ್ನು ಇಡಿಸಿದ. ನೀರು ಎಷ್ಟು ಏರಿದೆ, ಎಷ್ಟು ಇಳಿದಿದೆ ಎಂದು ಎಲ್ಲರೂ ಒಂದೇ ಗೆರೆಯಿಂದ ಹೇಳಲೆಂದು. 1700ರಿಂದ ಅಲ್ಲಿಯ ನೀರಿನ ಮಟ್ಟವನ್ನು ಬರೆದಿಟ್ಟ ದಾಖಲೆಗಳಿವೆ. ಹಾಲೆಂಡಿನ ದಂಡೆಯಲ್ಲಿ ಕಳೆದ ಒಂದು ಶತಮಾನದಲ್ಲಿ ಕಡಲು ಸುಮಾರು ಇಪ್ಪತ್ತು ಸೆಂಟಿಮೀಟರು ಏರಿತು ಎಂದು ಇಂದಿನ ವಿಜ್ಞಾನಿ ನಿಸ್ಸಂದೇಹವಾಗಿ ಹೇಳಬಲ್ಲನಾದರೆ, ಅದಕ್ಕೆ ಹೀಗೆ ಬೇಸರವಿಲ್ಲದೆ ಅಳೆದು ಬರೆದಿಟ್ಟ ಅನಾಮಿಕ ಗುಮಾಸ್ತರೂ ಕಾರಣ. ಹೊಗೆಯನ್ನು ನಾವು ಈಗಿನಂತೆಯೇ ಉಗುಳುತ್ತ ಹೋದರೆ ಈ ಶತಮಾನದ ಕೊನೆಗೆ ಆ ಏರಿಕೆ ಒಂದು ಮೀಟರನ್ನೂ ದಾಟಬಹುದೆಂದು ಅವರ ಹವಾಮಾನ ಸಂಸ್ಥೆ 2023ರಲ್ಲಿ ಹೇಳಿತು.

ಬಂದರು ಬಾಗಿಲು ಹಾಕುವುದು ನಮ್ಮ ಕರಾವಳಿಗೆ ಹೊಸತಲ್ಲ. ಮುಂಗಾರು ಬಂತೆಂದರೆ ಹಾಯಿದೋಣಿಗಳನ್ನು ದಡಕ್ಕೆ ಎಳೆದು ಮಡಲಿನ ಮಾಡು ಕಟ್ಟುತ್ತಿದ್ದರು. ಹಳೆಯ ಬಂದರುಗಳಲ್ಲಿ ಆ ತಿಂಗಳುಗಳ ವ್ಯಾಪಾರವೇ ಇಲ್ಲ. ಅದು ಕಡಲಿನೊಡನೆ ಮಾಡಿಕೊಂಡ ಒಡಂಬಡಿಕೆ. 1975ರಲ್ಲಿ ಪಣಂಬೂರಿನಲ್ಲಿ ಮಂಗಳೂರಿನ ಹೊಸ ಬಂದರು ಉದ್ಘಾಟನೆಯಾದಾಗ ಹಡಗುಗಳ ಮಟ್ಟಿಗೆ ಆ ಒಡಂಬಡಿಕೆ ಮುಗಿಯಿತು. ಇಂದಿನ ವ್ಯಾಪಾರ ಪಂಚಾಂಗವನ್ನು ನೋಡಿ ಕಾಯುವುದಿಲ್ಲ. ರಾಟರ್‌ಡ್ಯಾಮಿನ ಕದದ ಸಮಸ್ಯೆ ಇಲ್ಲಿಯೇ ಇದೆ. ಹತ್ತು ವರ್ಷಕ್ಕೊಮ್ಮೆ ಮುಚ್ಚಬೇಕಾದೀತು ಎಂದು ಎಣಿಸಿ ಅದನ್ನು ಕಟ್ಟಿದರು. 2007ರ ನವೆಂಬರಿನಲ್ಲಿ ಬಿರುಗಾಳಿಗೆ ಮೊದಲ ಸಲ ಮುಚ್ಚಿದರು, ಅದೂ ಪರೀಕ್ಷೆಗೆಂದು ಮುಚ್ಚುವ ಮಟ್ಟವನ್ನು ತಗ್ಗಿಸಿಕೊಂಡು. ಮೂರು ಮೀಟರಿನ ನಿಜವಾದ ಮುನ್ಸೂಚನೆಗೆ ಅದು ತಾನೇ ತಾನಾಗಿ ಮುಚ್ಚಿದ್ದು 2023ರ ಡಿಸೆಂಬರ್ 21ರಂದು. ಕಟ್ಟಿದ ಇಪ್ಪತ್ತಾರು ವರ್ಷಗಳ ಮೇಲೆ ಮೊದಲನೆಯ ಸಲ! ಕಡಲು ಏರಿದ ಹಾಗೆಲ್ಲ ಅದು ಮತ್ತೆ ಮತ್ತೆ ಮುಚ್ಚಬೇಕು. ಪ್ರತಿ ಮುಚ್ಚುವಿಕೆಯಲ್ಲಿಯೂ ಕೆಡುವ ಸಂಭವ ಸ್ವಲ್ಪ ಇದ್ದೇ ಇದೆ. ಸಾವಿರ ಸಲಕ್ಕೆ ಒಮ್ಮೆ ತಪ್ಪೀತೆಂದು ಮೊದಲು ಲೆಕ್ಕ ಹಾಕಿದ್ದರು. ಮರುಪರಿಶೀಲಿಸಿದಾಗ ಆ ಲೆಕ್ಕ ನಿಲ್ಲಲಿಲ್ಲ. ನೂರಕ್ಕೆ ಒಂದು ಎಂಬುದು ಈಗಿನ ಕಟ್ಟಳೆ. ಇನ್ನೊಂದು ತೊಡಕು ರೈನ್ ನದಿಯದು. ಕದ ಮುಚ್ಚಿದರೆ ಕಡಲು ಹೊರಗೆ ನಿಲ್ಲುತ್ತದೆ, ನಿಜ. ಒಳಗಿನಿಂದ ಬರುವ ಹೊಳೆಗೆ ಹೋಗಲು ಎಡೆಯೆಲ್ಲಿ? ಬಿರುಗಾಳಿ ಬೇಗ ಇಳಿಯದಿದ್ದರೆ ನದಿಯೇ ಊರನ್ನು ಮುಳುಗಿಸಬಹುದು.

ಸಾಮಾನ್ಯವಾಗಿ ಯಾರೂ ಗಮನಿಸದ ಸಂಗತಿಯೊಂದಿದೆ. ಬಂದರಿನ ಅತಿ ದೊಡ್ಡ ಭಾಗಗಳಾದ ಯುರೋಪೋರ್ಟ್, ಮಾಸ್‌ಫ್ಲಾಕ್ಟೆ ಈ ಕದದ ರಕ್ಷಣೆಗೆ ಒಳಪಟ್ಟಿಲ್ಲ. ಅವು ಕಡಲಿಗೆ ನೇರ ತೆರೆದಿವೆ. ಅವುಗಳ ರಕ್ಷಣೆ ನೆಲದ ಎತ್ತರ ಮಾತ್ರ. ಕಡಲಲ್ಲಿ ಮರಳು ತುಂಬಿಸಿ ಹೊಸದಾಗಿ ಮಾಡಿದ ನೆಲ ಸುಮಾರು ಐದು ಮೀಟರು ಎತ್ತರದಲ್ಲಿದೆ. ಹಿಂದಿನ ತಲೆಮಾರು ಮಾಡಿದ ಬೋಟ್ಲೆಕ್‌ನಂಥ ಪ್ರದೇಶ ಅದಕ್ಕಿಂತ ತಗ್ಗು, ಅದರ ಮೇಲೆ ರಾಸಾಯನಿಕ ಕಾರ್ಖಾನೆಗಳು, ಎಣ್ಣೆಯ ತೊಟ್ಟಿಗಳು. ಬೋಟ್ಲೆಕ್‌ನಿಂದ ಮೊದಲುಮಾಡಿ ಬಂದರಿನವರೂ ನಗರಸಭೆಯೂ ಕಂಪನಿಗಳೂ ಒಟ್ಟಿಗೆ ಕುಳಿತು ಒಂದೊಂದೇ ಭಾಗವನ್ನು ಪರಿಶೀಲಿಸಿದರು. ಯಾವ ರಸ್ತೆ ಮೊದಲು ಮುಳುಗುತ್ತದೆ, ಯಾವ ವಿದ್ಯುತ್ ಪೆಟ್ಟಿಗೆಯನ್ನು ಮೇಲೆತ್ತಬೇಕು, ಯಾವ ನೆಲವನ್ನು ಮುಂದಿನ ಗುತ್ತಿಗೆಯ ವೇಳೆ ಎತ್ತರಿಸಬೇಕು ಎಂಬ ಸಣ್ಣ ಸಣ್ಣ ವಿಚಾರಗಳು. ಉಕ್ಕಿನ ಕದದ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವವರಿಗೆ ಇದು ರಂಜಿಸದು. ಆದರೆ ಬಂದರು ಉಳಿಯುವುದು ಇಂಥ ಗುಮಾಸ್ತಗಿರಿಯಿಂದ ಎಂದು ನನ್ನ ಅಭಿಪ್ರಾಯ. ಊರಿನ ನಟ್ಟನಡುವೆ ನದಿಯಲ್ಲಿರುವ ನೋರ್ಡರ್‌ಐಲಾಂಡ್ ಎಂಬ ದ್ವೀಪವೂ ಒಡ್ಡಿನ ಹೊರಗಿನದೇ. ಅಲ್ಲಿ ಸಾವಿರಾರು ಜನ ವಾಸವಾಗಿದ್ದಾರೆ. ಒಡ್ಡಿನ ಒಳಗಿರುವವರಿಗೆ ಕಾನೂನು ಕೊಡುವ ಅಭಯ ಹೊರಗಿರುವವರಿಗೆ ಇಲ್ಲ. ನೀರು ಬೀದಿಗೆ ಬಂದರೆ ನಷ್ಟ ಅವರದ್ದೇ. ನೀರಿನ ವಿಷಯದಲ್ಲಿ ಇಷ್ಟು ಹೆಸರಾದ ನಾಡಿನಲ್ಲಿಯೂ ಗೆರೆಯ ಒಳಗು ಹೊರಗು ಎಂಬ ಭೇದ ಉಳಿದಿದೆ.

ಕಡಲು ಮೇಲೇರುವಾಗ ನದಿ ಕೆಳಗಿಳಿಯುವುದೂ ಉಂಟು. 2018ರಲ್ಲಿ, ಮತ್ತೆ 2022ರಲ್ಲಿ, ಬರಗಾಲದಿಂದ ರೈನ್ ಎಷ್ಟು ಬತ್ತಿತೆಂದರೆ ಸರಕುದೋಣಿಗಳು ಅರ್ಧಕ್ಕಿಂತ ಕಡಮೆ ಹೊರೆ ಹೊತ್ತು ತೆವಳಬೇಕಾಯಿತು. ಹೊಳೆಯ ಒತ್ತು ತಗ್ಗಿದಾಗ ಉಪ್ಪುನೀರು ಮೇಲೆ ಮೇಲೆ ಸರಿದು ಬರುತ್ತದೆ. ದೊಡ್ಡ ಹಡಗುಗಳಿಗಾಗಿ ಅದೇ 2018ರಲ್ಲಿ ಹೊಸ ಜಲಮಾರ್ಗವನ್ನು ಇನ್ನಷ್ಟು ಆಳ ಮಾಡಿದ್ದರು. ಆಳವಾದ ದಾರಿ ಉಪ್ಪಿಗೂ ಅನುಕೂಲ. ಗೌಡಾ ಎಂಬ ಊರಿನ ಬಳಿ ಹೊಲಗದ್ದೆಗಳಿಗೆ ಸಿಹಿನೀರು ಎತ್ತುವ ಎಡೆಯಲ್ಲಿ ಉಪ್ಪು ಸೇರಿದಾಗ ಬೇರೆ ಕಾಲುವೆಗಳಿಂದ ನೀರನ್ನು ತಿರುಗಿಸಿ ತರಬೇಕಾಗುತ್ತದೆ. ಗಜನಿಯ ಬೇಸಾಯಗಾರನಿಗೆ ಈ ವ್ಯಥೆಯನ್ನು ಅನುವಾದಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಮುಂದೇನು? ಒಂದು ಪಕ್ಷದವರು ಬಾಯಿಯನ್ನು ಪೂರ್ತಿ ಕಟ್ಟಿ, ಹಡಗುಗಳಿಗೆ ಜಲಬಂಧದ ಕೋಣೆಗಳನ್ನು ಮಾಡಬೇಕೆನ್ನುತ್ತಾರೆ. ಆಮ್‌ಸ್ಟರ್‌ಡ್ಯಾಮ್ ಹಿಂದಿನಿಂದಲೂ ಆ ದಾರಿಯದು. 2022ರಲ್ಲಿ ಐಮೌಡೆನ್‌ನಲ್ಲಿ ತೆರೆದ ಅದರ ಹೊಸ ಜಲಬಂಧ 500 ಮೀಟರು ಉದ್ದ, 70 ಮೀಟರು ಅಗಲ, ಲೋಕದಲ್ಲೇ ದೊಡ್ಡದು. ಅದು ದೊಡ್ಡದಾದ ಕಾರಣಕ್ಕೇ ಪ್ರತಿ ಸಲ ತೆರೆದಾಗಲೂ ಹೆಚ್ಚು ಉಪ್ಪು ಒಳಗೆ ಬಂದು, ಅದನ್ನು ಹಿಂದಕ್ಕೆ ಕಳಿಸಲು ಮತ್ತೊಂದು ಕಟ್ಟಡ ಬೇಕಾಯಿತು. ಇನ್ನೊಂದು ಪಕ್ಷದವರು ಕದ ಸಾಕು, ಕಾಲ ಬಂದಾಗ ಇನ್ನೂ ಬಲವಾದ ಕದವನ್ನು ಇಡೋಣ ಎನ್ನುತ್ತಾರೆ. ಕದವಿಲ್ಲದ ಬಾಯಿಯಿಂದಲೇ ಬಾಳಿದ ಬಂದರಿಗೆ ಪ್ರತಿ ಹಡಗೂ ಕೋಣೆಯಲ್ಲಿ ಕಾಯಬೇಕೆಂಬುದು ಸುಲಭದ ಮಾತಲ್ಲ. ಲಕ್ಷಾಂತರ ಜನರನ್ನು ಕಡಲ ಮಟ್ಟದ ಕೆಳಗೆ ಮಲಗಿಸಿರುವ ನಾಡಿಗೆ ಕಾಯೋಣ ಎಂಬುದೂ ಸುಲಭದ ಮಾತಲ್ಲ.

ಸರ್ಕಾರ ಹಿಡಿದಿರುವ ಕ್ರಮ ಗಮನಾರ್ಹವಾದುದು. 2012ರಲ್ಲಿ ಜಾರಿಗೆ ಬಂದ ಹೊಸ ಡೆಲ್ಟಾ ಕಾನೂನಿನಂತೆ ಇದಕ್ಕೆಂದೇ ಒಬ್ಬ ಆಯುಕ್ತ, ಇದಕ್ಕೆಂದೇ ಮೀಸಲು ನಿಧಿ. ಇಂತಹ ವರ್ಷದಲ್ಲಿ ಇಂತಹದನ್ನು ಕಟ್ಟುತ್ತೇವೆ ಎಂದು ಅವರು ಬರೆದಿಟ್ಟಿಲ್ಲ. ಕಡಲು ಇಷ್ಟು ಏರಿದರೆ ಈ ದಾರಿ, ಅಷ್ಟು ಏರಿದರೆ ಆ ದಾರಿ. ಒಂದು ದಾರಿ ಮುಗಿಯುವ ಮೊದಲೇ ಇನ್ನೊಂದಕ್ಕೆ ನೆಲವನ್ನು ಬಿಟ್ಟುಕೊಂಡಿರಬೇಕು, ಇಂದಿನ ಕೆಲಸ ನಾಳಿನ ದಾರಿಯನ್ನು ಮುಚ್ಚಬಾರದು. ಲಂಡನ್ನಿನವರೂ ಥೇಮ್ಸ್ ಅಳಿವೆಗೆ ಇಂಥದೇ ಯೋಜನೆ ಮಾಡಿದ್ದಾರೆ. ನನಗೆ ಇದರಲ್ಲಿ ಮೆಚ್ಚುಗೆಯೂ ಇದೆ, ಸಂಶಯವೂ ಇದೆ. ಮುಂದಿನದನ್ನು ತಾವು ಬಲ್ಲೆವೆಂದು ಹೇಳದ ವಿನಯ ಮೆಚ್ಚತಕ್ಕದ್ದು. ಆದರೆ ಮಾಸ್ಲಾಂಟ್ ಕದಕ್ಕೆ ಸ್ಪರ್ಧೆಯಿಂದ ಉದ್ಘಾಟನೆಯವರೆಗೆ ಹತ್ತು ವರ್ಷ, ಅದರ ಹಿಂದಿನ ವಾದಗಳಿಗೆ ಮತ್ತೂ ಹೆಚ್ಚು ವರ್ಷ ಬೇಕಾದವು. ಗುರುತು ಕಂಡ ಮೇಲೆ ತೀರ್ಮಾನಿಸುತ್ತೇವೆ ಎನ್ನುವವರಿಗೆ ಅಷ್ಟು ವರ್ಷಗಳನ್ನು ಕಡಲು ಕೊಟ್ಟೀತೇ?

ಬಂದರಿನ ಸಿರಿಯೇ ಈ ಏರಿಕೆಗೆ ಪಾಲುದಾರನೆಂಬುದನ್ನೂ ಹೇಳಬೇಕು. ಅಲ್ಲಿ ವರ್ಷಕ್ಕೆ ಇಳಿಯುವ ಏರುವ ನಲವತ್ತು ಕೋಟಿ ಟನ್ನಿಗೂ ಮೀರಿದ ಸರಕಿನಲ್ಲಿ ಕಲ್ಲಿದ್ದಲು, ಕಚ್ಚಾ ಎಣ್ಣೆ, ಎಣ್ಣೆಯ ಪದಾರ್ಥಗಳದ್ದು ದೊಡ್ಡ ಪಾಲು. ಅಲ್ಲಿಯ ಕಾರ್ಖಾನೆಗಳ ಇಂಗಾಲದ ಅನಿಲವನ್ನು ಹಿಡಿದು ಉತ್ತರ ಸಮುದ್ರದ ತಳದ ಬರಿದಾದ ಅನಿಲಗಣಿಗಳಲ್ಲಿ ತುಂಬುವ ಯೋಜನೆಯೊಂದರ ನಿರ್ಮಾಣ 2024ರಲ್ಲಿ ಆರಂಭವಾಯಿತು. ಯಾವ ಬಾಯಿಯಿಂದ ಎಣ್ಣೆ ಒಳಗೆ ಬಂತೋ ಅದೇ ಬಾಯಿಯ ಆಚೆಗೆ ಅದರ ಹೊಗೆಯನ್ನು ಕಳಿಸುವ ಕೆಲಸ ಅದು.

ಪ್ರತಿ ವರ್ಷ ಗಾಳಿಮಳೆಯ ಕಾಲ ಹತ್ತಿರವಾದಾಗ, ಸೆಪ್ಟೆಂಬರಿನಲ್ಲಿ, ಮಾಸ್ಲಾಂಟ್ ಕದವನ್ನು ಒಂದು ಸಲ ಮುಚ್ಚಿ ನೋಡುತ್ತಾರೆ. ಅಂದು ಸಂಸಾರ ಸಮೇತರಾಗಿ ಜನ ಬುತ್ತಿ ಕಟ್ಟಿಕೊಂಡು ಒಡ್ಡಿನ ಮೇಲೆ ಬಂದು ಕೂರುತ್ತಾರಂತೆ. ಕದಗಳು ನಿಧಾನವಾಗಿ ತೇಲಿ ಬಂದು ಒಂದನ್ನೊಂದು ಮುಟ್ಟುವವರೆಗೆ ಹಡಗುಗಳು ಆಚೆಯೂ ಈಚೆಯೂ ಕಾದು ನಿಂತಿರುತ್ತವೆ.